ಮಳೆಗಲ್ಲ, ಕತ್ತಲೆಗೆ ತಯಾರಾಗಿ ಬನ್ನಿ

"ಅಕ್ಕಾ" ಎಂದು ಕರೆದು ಕೇಳಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಆಗಸ್ಟ್ ಕೊನೆಗೆ ಕೆನಡಾದ ವ್ಯಾಂಕೂವರಿಗೆ ಬರುತ್ತೀರಿ, ಓದುವುದು ಬರ್ನಬಿ ಬೆಟ್ಟದ ಮೇಲಿನ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ, ಮನೆ ಇನ್ನೂ ಗೊತ್ತಾಗಿಲ್ಲ. "ಅಲ್ಲಿ ಒಂದೇ ದಿನ ಬಿಸಿಲು, ಮಳೆ, ಹಿಮ ಮೂರೂ ಬರುತ್ತದಂತೆ, ನಿಜವಾ? ನಾನು ಪುತ್ತೂರಿನವನು, ಮಳೆ ನನಗೆ ಹೊಸದಲ್ಲ" ಎಂದಿದ್ದೀರಿ.

ನಿಜ, ಮೂರೂ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಜಾಸ್ತಿ. ಬಸ್ಸು ಹತ್ತುವಾಗ ಬಿಸಿಲು, ಇಳಿಯುವಾಗ ಆಲಿಕಲ್ಲು, ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬಿಸಿಲು. ಬಿಸಿಲಲ್ಲಿ ಮಳೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ಮಗಳಿಗೆ ಹೇಳಿಕೊಟ್ಟಿದ್ದೆ. ಈಗ ಏಪ್ರಿಲ್ ಬಂತೆಂದರೆ ಅವಳೇ ಕಿಟಕಿ ಹತ್ತಿರ ನಿಂತು ನನ್ನನ್ನು ಕರೆಯುತ್ತಾಳೆ.

ಹಿಮದ ವಿಷಯ ಮಾತ್ರ ಎತ್ತರದ್ದು. ಸಮುದ್ರದ ಪಕ್ಕದಲ್ಲಿ ಚಳಿಗಾಲದ ಹೆಚ್ಚಿನ ದಿನ ಮಳೆಯೇ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಹಾಗಾಗಿ ಪೇಟೆಯಲ್ಲಿ ಐದು ಡಿಗ್ರಿಯಲ್ಲಿ ಮಳೆ ಸುರಿಯುವಾಗ 1,231 ಮೀಟರಿನ ಗ್ರೌಸ್ ಬೆಟ್ಟದ ತಲೆ ಬೆಳ್ಳಗಾಗುತ್ತಿರುತ್ತದೆ. ನಿಮ್ಮ ಬರ್ನಬಿ ಬೆಟ್ಟ ಸುಮಾರು 370 ಮೀಟರ್ ಅಷ್ಟೇ. ಆದರೂ ಕೆಳಗೆ ಮಳೆ, ಕ್ಯಾಂಪಸ್ಸಿನಲ್ಲಿ ಹಿಮ ಎನ್ನುವ ದಿನಗಳು ನಿಮಗೆ ಸಿಗುತ್ತವೆ. ಕೆಳಗಿನ ಕಿಟಕಿಯಿಂದ ನೋಡಿ ಬಟ್ಟೆ ಹಾಕಿಕೊಳ್ಳಬೇಡಿ. ಅಂಥ ದಿನ ಬೆಳಿಗ್ಗೆ ಬಸ್ಸು ಮೇಲೆ ಹೋಗುತ್ತಿದೆಯಾ ಅಂತ ನೋಡಿಯೇ ಹೊರಡಿ.

ಪುತ್ತೂರಿನವರಾದ್ದರಿಂದ ಇಲ್ಲಿನ ಮಳೆಯ ಗುಟ್ಟು ನಿಮಗೆ ಆಗಲೇ ಗೊತ್ತು. ಕಡಲಿನಿಂದ ಬಂದ ಮೋಡ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಮಂಗಳೂರಿಗಿಂತ ಆಗುಂಬೆಯಲ್ಲಿ ಮಳೆ ಜಾಸ್ತಿ ಅಲ್ವಾ? ಇಲ್ಲೂ ಅದೇ. ವಿಮಾನ ನಿಲ್ದಾಣ ಇರುವ ರಿಚ್ಮಂಡ್ ಕಡೆ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಬೆಟ್ಟದ ಬುಡದ ಲಿನ್ ವ್ಯಾಲಿ ಕಡೆ ಸುಮಾರು ಅದರ ಎರಡರಷ್ಟು. ನಾನು ಮೊದಲ ಎರಡು ವರ್ಷ ಲಿನ್ ವ್ಯಾಲಿಯಲ್ಲೇ ಇದ್ದೆ. ಡೌನ್‌ಟೌನ್‌ನಿಂದ ಸೀಬಸ್ ಎಂಬ ದೋಣಿ ಹತ್ತುವಾಗ ರಸ್ತೆ ಒಣಗಿರುತ್ತಿತ್ತು, ಮನೆ ಹತ್ತಿರ ಬಸ್ಸಿಳಿದರೆ ಕೊಡೆ ಬೇಕಾಗುತ್ತಿತ್ತು. ದಕ್ಷಿಣಕ್ಕೆ ಟ್ಸವಾಸನ್, ವೈಟ್ ರಾಕ್ ಕಡೆ ಮಳೆ ಕಡಿಮೆ. ವ್ಯಾಂಕೂವರ್ ದ್ವೀಪದ ಬೆಟ್ಟಗಳೂ ಅಮೆರಿಕದ ಒಲಿಂಪಿಕ್ ಬೆಟ್ಟಗಳೂ ಮೋಡವನ್ನು ಮೊದಲೇ ಹಿಂಡಿಬಿಡುತ್ತವೆ. ಮನೆ ಹುಡುಕುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫೋನಿನಲ್ಲಿ ವ್ಯಾಂಕೂವರ್ ಅಂತ ತೋರಿಸುವ ಅಂಕಿ ಬಹಳ ಸಲ ವಿಮಾನ ನಿಲ್ದಾಣದ್ದು, ನಿಮ್ಮ ಬೀದಿಯದ್ದಲ್ಲ.

ಈ ಅಂಕಿ ನೋಡಿ ನಿಮಗೆ ಇಷ್ಟೇನಾ ಅನ್ನಿಸಬಹುದು. ದಕ್ಷಿಣ ಕನ್ನಡದಲ್ಲಿ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಇಲ್ಲಿ ಮಳೆ ಹೊಡೆದು ಬಡಿದು ಹೋಗುವುದಿಲ್ಲ. ಗುಡುಗು ಮಿಂಚು ಅಪರೂಪ. ಹೆಚ್ಚಾಗಿ ಸೋನೆ ಮಳೆ. ವರ್ಷದಲ್ಲಿ 160ಕ್ಕೂ ಜಾಸ್ತಿ ದಿನ ಮಳೆ, ಅದರಲ್ಲಿ ದೊಡ್ಡ ಪಾಲು ಅಕ್ಟೋಬರಿನಿಂದ ಮಾರ್ಚ್‌ವರೆಗೆ. ನಮ್ಮ ತುಳುನಾಡಿನ ಜಡಿಮಳೆಯ ಆಟಿ ತಿಂಗಳನ್ನು ಆರು ತಿಂಗಳಿಗೆ ಎಳೆದು, ಅದರ ಜೋರನ್ನು ತೆಗೆದು, ಚಳಿ ಸೇರಿಸಿದ ಹಾಗೆ.

ನನ್ನನ್ನು ಕುಗ್ಗಿಸಿದ್ದು ಆ ಮಳೆಯೂ ಅಲ್ಲ. ಬೆಳಕು ಇಲ್ಲದಿದ್ದದ್ದು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಿಮಗೆ ಒತ್ತಿ ಹೇಳುತ್ತಿದ್ದೇನೆ. ವ್ಯಾಂಕೂವರ್ ಇರುವುದು 49 ಡಿಗ್ರಿ ಉತ್ತರದಲ್ಲಿ. ಊರಲ್ಲಿ ಡಿಸೆಂಬರಿನಲ್ಲೂ ಹಗಲು ಹನ್ನೊಂದೂವರೆ ಗಂಟೆ ಹತ್ತಿರ ಇರುತ್ತದೆ. ಇಲ್ಲಿ ಎಂಟು ಗಂಟೆ ಚಿಲ್ಲರೆ. ಅದರ ಮೇಲೆ ಮೋಡ. ಡಿಸೆಂಬರ್ ಇಡೀ ತಿಂಗಳಿಗೆ ಸಿಗುವ ಬಿಸಿಲು ಅರವತ್ತು ಗಂಟೆಯ ಆಸುಪಾಸು. ಮೊದಲ ನವೆಂಬರಿನಲ್ಲಿ ನಾನು ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಿ, ಕತ್ತಲಾದ ಮೇಲೆ ಬೇಸ್‌ಮೆಂಟ್ ಮನೆಗೆ ಬರುತ್ತಿದ್ದೆ. ರಜೆಯ ದಿನ ಮಳೆ ಅಂತ ಒಳಗೇ ಇರುತ್ತಿದ್ದೆ. ಮೂರು ವಾರದಲ್ಲಿ ನಿದ್ದೆ ಕೆಟ್ಟಿತು, ಸುಮ್ನೆ ಅಳು ಬರುತ್ತಿತ್ತು, ಅಮ್ಮನಿಗೆ ಫೋನ್ ಮಾಡುವುದಕ್ಕೂ ಮನಸ್ಸಾಗುತ್ತಿರಲಿಲ್ಲ. ಮನೆ ನೆನಪಾಗಿ ಹೀಗೆ ಅಂದುಕೊಂಡೆ. ಡಾಕ್ಟರ್ ಹತ್ತಿರ ಹೋದ ಮೇಲೆ ಗೊತ್ತಾಯಿತು, ಕತ್ತಲೆಯ ತಿಂಗಳುಗಳಲ್ಲಿ ತುಂಬಾ ಜನರಿಗೆ ಹೀಗಾಗುತ್ತದೆ, ಅದಕ್ಕೆ ಹೆಸರೂ ಇದೆ, ಚಿಕಿತ್ಸೆಯೂ ಇದೆ. ನಾಚಿಕೆ ಪಡುವ ವಿಷಯವೇ ಅಲ್ಲ. ನಿಮಗೆ ಹಾಗನ್ನಿಸಿದರೆ ಕಾಯಬೇಡಿ, ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ವಿಟಮಿನ್ ಡಿ ಬಗ್ಗೆಯೂ ಅಲ್ಲೇ ಕೇಳಿ.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಗಂಟೆ ಹೊರಗೆ ನಡೆಯುವುದು, ಮಳೆ ಇದ್ದರೂ. ಮೋಡದ ಬೆಳಕೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೆ ಬೇಕಾದದ್ದು ಒಳ್ಳೆ ಜಾಕೆಟ್. ಊರಿಂದ ದಪ್ಪ ಚಳಿ ಕೋಟು ತರಬೇಡಿ, ಅದು ನೆನೆದು ಭಾರವಾಗುತ್ತದೆ. ತೆಳುವಾದ ಉಣ್ಣೆ ಸ್ವೆಟರ್ ಎರಡು ತನ್ನಿ, ಒಂದರ ಮೇಲೊಂದು ಹಾಕಿ ತೆಗೆಯಬಹುದು. ಟೋಪಿ ಇರುವ, ನೀರು ಒಳಗೆ ಬಿಡದ ಜಾಕೆಟ್ಟನ್ನೂ ಶೂವನ್ನೂ ಇಲ್ಲೇ ಕೊಳ್ಳಿ. ದುಡ್ಡು ಉಳಿಸುವುದಾದರೆ ಬೇರೆ ಕಡೆ ಉಳಿಸಿ. ಕೊಡೆ ಇರಲಿ, ಆದರೆ ಗಾಳಿ ಎದ್ದ ದಿನ ಅದು ನಿಲ್ಲುವುದಿಲ್ಲ.

ಮನೆ ನೋಡುವಾಗ ಬೇಸ್‌ಮೆಂಟ್ ಆದರೆ ಕಿಟಕಿ ಎಷ್ಟು ದೊಡ್ಡದು, ಗೋಡೆಯ ಮೂಲೆಯಲ್ಲಿ, ಕಪಾಟಿನ ಹಿಂದೆ ಬೂಷ್ಟು ಇದೆಯಾ ನೋಡಿ. ಸ್ನಾನದ ಮನೆಯ ಫ್ಯಾನ್ ಹಾಕಿ ನೋಡಿ. ಅನ್ನ ಸಾರು ಕುದಿಸುವ ಮನೆಯಲ್ಲಿ ಚಳಿಗಾಲಕ್ಕೆ ಗಾಜಿನ ಮೇಲೆ ನೀರು ಇಳಿಯುತ್ತದೆ. ದಿನಾ ಒರೆಸಿ, ಹತ್ತು ನಿಮಿಷ ಕಿಟಕಿ ತೆರೆದಿಡಿ.

ಎಲ್ಲಾ ಮಳೆಯೂ ಸೋನೆ ಅಲ್ಲ, ಅದನ್ನೂ ಹೇಳಬೇಕು. ಒಮ್ಮೊಮ್ಮೆ ಹವಾಯಿ ಕಡೆಯಿಂದ ಬೆಚ್ಚಗಿನ ತೇವ ಪಟ್ಟಿಯಂತೆ ಹರಿದು ಬರುತ್ತದೆ. ಇಲ್ಲಿಯವರು ಅಟ್ಮಾಸ್ಫೆರಿಕ್ ರಿವರ್ ಅನ್ನುತ್ತಾರೆ. 2021ರ ನವೆಂಬರಿನಲ್ಲಿ ಅಂಥದ್ದು ಬಂದು ಕೊಕ್ವಿಹಾಲ ಹೆದ್ದಾರಿ ಹಲವು ಕಡೆ ಕೊಚ್ಚಿಹೋಯಿತು, ಆಬಟ್ಸ್‌ಫರ್ಡ್‌ನ ಸುಮಾಸ್ ಬಯಲು ಮುಳುಗಿತು. ಕೆನಡಾದ ಉಳಿದ ಭಾಗಕ್ಕೆ ಇಲ್ಲಿಂದ ರಸ್ತೆಯೂ ರೈಲೂ ಕೆಲವು ದಿನ ಇರಲಿಲ್ಲ. ಆ ಎಚ್ಚರಿಕೆ ಕೇಳಿದ ದಿನ ಹೊಳೆ ದಂಡೆಗೆ, ಕಾಡಿನ ದಾರಿಗೆ ಹೋಗಬೇಡಿ.

ಅದೇ ವರ್ಷ ಜೂನ್ ಕೊನೆಯಲ್ಲಿ ಭಾರಿ ಸೆಕೆ. ಜೂನ್ 29ರಂದು ಒಳನಾಡಿನ ಲಿಟನ್‌ನಲ್ಲಿ 49.6 ಡಿಗ್ರಿ. ಆ ಒಂದು ವಾರದಲ್ಲಿ ನಮ್ಮ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸೆಕೆಯಿಂದಲೇ 619 ಜನ ತೀರಿಕೊಂಡರು, ಹೆಚ್ಚಿನವರು ವಯಸ್ಸಾದವರು, ಮನೆಯೊಳಗೇ. ಮಳೆಯ ಊರು ಅಂತ ಫ್ಯಾನ್ ಇಲ್ಲದ ಮನೆಗಳು ಇಲ್ಲಿ ಬಹಳ. ಒಂದು ಫ್ಯಾನ್ ಇಟ್ಟುಕೊಳ್ಳಿ.

ಬೆಟ್ಟಕ್ಕೆ ಖಂಡಿತ ಹೋಗಿ. ಆದರೆ ಕೆಳಗೆ ಬಿಸಿಲಿದೆ ಅಂತ ಟೀಶರ್ಟಿನಲ್ಲಿ ಹೊರಟು ಮೇಲೆ ಮಂಜಿನಲ್ಲಿ ದಾರಿ ತಪ್ಪಿದವರನ್ನು ನಾರ್ತ್ ಶೋರ್ ರೆಸ್ಕ್ಯೂ ಸ್ವಯಂಸೇವಕರು ಪ್ರತಿ ವರ್ಷ ಹುಡುಕಿ ಇಳಿಸುತ್ತಾರೆ. ಟಾರ್ಚು, ಜಾಕೆಟ್ಟು, ತಿನ್ನಲು ಏನಾದರೂ ಚೀಲದಲ್ಲಿರಲಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ರೂಮ್‌ಮೇಟ್‌ಗೆ ಹೇಳಿ ಹೋಗಿ. ಶರತ್ಕಾಲದಲ್ಲಿ ಪೇಟೆಯೆಲ್ಲ ಮಂಜಿನಲ್ಲಿ ಮುಳುಗಿ ಬೆಟ್ಟದ ಮೇಲೆ ಬಿಸಿಲಿರುವ ದಿನಗಳೂ ಬರುತ್ತವೆ. ಮೋಡವನ್ನು ಮೇಲಿನಿಂದ ನೋಡಿದ ಆ ಮೊದಲ ಸಲ ನಾನು ಅಲ್ಲೇ ಒಂದು ಗಂಟೆ ಕೂತಿದ್ದೆ.

ಅಪ್ಪ ಅಮ್ಮನನ್ನು ಯಾವಾಗ ಕರೆಸಲಿ ಅಂತಲೂ ಕೇಳಿದ್ದೀರಿ. ಜೂನ್ ಬೇಡ, ಎಷ್ಟೋ ವರ್ಷ ಅದು ಮೋಡ ಮುಸುಕಿ ತಣ್ಣಗಿರುತ್ತದೆ. ಆಗಸ್ಟಿನಲ್ಲಿ ಕಾಡ್ಗಿಚ್ಚಿನ ಹೊಗೆ ಬಂದರೂ ಬಂತು. ಜುಲೈ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಊಟ ಮುಗಿಸಿ ಕಡಲ ದಂಡೆಗೆ ಕರೆದುಕೊಂಡು ಹೋಗಬಹುದು.