ವೀಸಾದ ದುಡ್ಡು ಟೀಚರ್ ಕೊಡ್ಬೇಕಾ, ಶಾಲೆ ಕೊಡ್ಬೇಕಾ?

(ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶದಲ್ಲಿ ಪಾಠ ಮಾಡ್ಲಿಕ್ಕೆ ಹೊರಟವರದ್ದೇ, ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕ್ಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಊರು ಮಾತ್ರ ಹಾಕಿದ್ದೇನೆ.)

ಪ್ರಶ್ನೆ: ಸಾರ್, ಪ್ಲಸ್ ಟು ವರೆಗೆ ಇಲ್ಲೇ ಕನ್ನಡ ಮೀಡಿಯಂನಲ್ಲಿ ಕಲ್ತು ಡಿಗ್ರಿ, ಬಿ.ಎಡ್. ಎರಡೂ ಮಂಗಳೂರಲ್ಲಿ ಮಾಡಿದವಳು ನಾನು. ಪಿಎಸ್‌ಸಿ ಕಾದು ಕಾದು ಸಾಕಾಯ್ತು, ಈಗ ಡೈಲಿ ವೇಜಲ್ಲಿ ಹೋಗ್ತಾ ಇದ್ದೇನೆ. ಶಾರ್ಜಾದ ಒಂದು ಶಾಲೆಯಲ್ಲಿ ಮ್ಯಾಥ್ಸ್ ಟೀಚರ್ ಕೆಲ್ಸ ಸಿಕ್ಕಿದೆ, ಆದ್ರೆ ಏಜೆಂಟ್ ವೀಸಾ ಖರ್ಚು ಅಂತ 1.80 ಲಕ್ಷ ಕೇಳ್ತಿದ್ದಾರೆ, ಅದು ಸಾಲದು ಅಂತ ಅಲ್ಲಿ ಹೋದ್ಮೇಲೆ ಸಂಬಳದಿಂದ ತಿಂಗಳಿಗೆ 300 ದಿರ್ಹಂ ಬೇರೆ ಕಟ್ ಆಗ್ತದಂತೆ. ಅಮ್ಮ ಬಳೆ ಬ್ಯಾಂಕಲ್ಲಿಡುವ ಅಂತಾರೆ. ಮಾಮನೂ ವೀಸಾಕ್ಕೆ ದುಡ್ಡು ಕೊಟ್ಟೇ ಗಲ್ಫಿಗೆ ಹೋದದ್ದು, ಇದೆಲ್ಲ ಇರುವಂಥದ್ದೇ ಅಂತ ಮನೆಯಲ್ಲಿ ಹೇಳ್ತಾರೆ. ಕೊಡ್ಬೇಕಾ? – ಬದಿಯಡ್ಕ

ಉತ್ತರ: ಬೇಡ ಟೀಚರ್. ಬಳೆ ಅಮ್ಮನ ಕೈಯಲ್ಲೇ ಇರ್ಲಿ.

ಮಾಮ ಕೊಟ್ಟದ್ದು ಸುಳ್ಳಲ್ಲ, ಆಗ ಸ್ಪಾನ್ಸರ್‌ಗಳು ವೀಸಾ ಮಾರ್ತಾ ಇದ್ರು, ನಮ್ಮ ಉಪ್ಪಳ ಕುಂಬಳೆ ಕಡೆಯ ಎಷ್ಟೋ ಜನ ಗದ್ದೆ ಅಡವಿಟ್ಟು ತಗೊಂಡು ಹೋದ್ರು, ಹಾಗಾಗಿ ಈಗ ನಮ್ಮೂರಲ್ಲಿ ದುಡ್ಡು ಕೇಳದ ಏಜೆಂಟನ್ನು ಕಂಡ್ರೇ ಜನಕ್ಕೆ ಡೌಟು. ಆದ್ರೆ ಯುಎಇಯಲ್ಲಿ ಈಗ ನಡೀತಿರುವುದು 2021ರ 33ನೇ ನಂಬರಿನ ಕಾರ್ಮಿಕ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲುಂಟು. ಕೆಲ್ಸಕ್ಕೆ ತಗೊಳ್ಳುವ ಖರ್ಚನ್ನು ನೇರವಾಗಿ ಆಗ್ಲಿ ಸುತ್ತುಬಳಸಿ ಆಗ್ಲಿ ಕೆಲಸದವರ ಹತ್ರ ವಸೂಲಿ ಮಾಡ್ಬಾರದು ಅಂತ ಅದರ 6ನೇ ಕಲಂ ಹೇಳ್ತದೆ. ಆ 300 ದಿರ್ಹಂ ಕಟ್ ಮಾಡುದುಂಟಲ್ಲ, ಅದೇ ಸುತ್ತುಬಳಸಿ ವಸೂಲಿ ಮಾಡುದು. ಸಂಬಳದಿಂದ ಎಂತೆಂತದಕ್ಕೆ ಹಿಡಿಯಬಹುದು ಅಂತ 25ನೇ ಕಲಂನಲ್ಲಿ ಪಟ್ಟಿಯೇ ಉಂಟು, ವೀಸಾ ಅದರಲ್ಲಿಲ್ಲ. ಕೆಲವು ಕಡೆ ಡೆಪಾಸಿಟ್ ಅಂತಲೋ ಟ್ರೈನಿಂಗ್ ಚಾರ್ಜ್ ಅಂತಲೋ ಬೇರೆ ಹೆಸರು ಬರೀತಾರೆ, ಮೋಸ ಹೋಗ್ಬೇಡಿ.

ಕಾನೂನು ಬದಿಗಿಟ್ಟು ನೋಡಿದ್ರೂ ಅಷ್ಟೇ. ಟೀಚರ್ ಬೇಕಾದ್ದು ಶಾಲೆಗೆ, ವೀಸಾ ಅರ್ಜಿ ಹಾಕುದು ಶಾಲೆ, ಅದು ಇರುದು ಶಾಲೆಯ ಹೆಸರಿನ ಮೇಲೆ, ನೀವು ಕೆಲ್ಸ ಬಿಟ್ರೆ ಅದು ಕ್ಯಾನ್ಸಲ್ಲೂ ಆಗ್ತದೆ. ಬಸ್ಸಿಗೆ ಡ್ರೈವರ್ ಬೇಕು ಅಂತ ಕರೆದು ಪರ್ಮಿಟ್ಟಿನ ದುಡ್ಡನ್ನು ಡ್ರೈವರ್ ಹತ್ರ ಕೇಳಿದ ಹಾಗಾಯ್ತು ಇದು. ಎಂಟ್ರಿ ಪರ್ಮಿಟ್, ವರ್ಕ್ ಪರ್ಮಿಟ್, ಅಲ್ಲಿ ಇಳಿದ ಮೇಲಿನ ಮೆಡಿಕಲ್, ಎಮಿರೇಟ್ಸ್ ಐಡಿ, ರೆಸಿಡೆನ್ಸಿ ಎಲ್ಲ ಶಾಲೆಯ ಲೆಕ್ಕಕ್ಕೆ. ಹೆಲ್ತ್ ಇನ್ಶೂರೆನ್ಸ್ ಮೊದಲು ಅಬುಧಾಬಿ, ದುಬೈಯಲ್ಲಿ ಮಾತ್ರ ಕಡ್ಡಾಯ ಇತ್ತು, 2025ರ ಜನವರಿಯಿಂದ ಶಾರ್ಜಾದಲ್ಲೂ ಕೆಲ್ಸ ಕೊಟ್ಟವರೇ ಮಾಡಿಸ್ಬೇಕು.

ನಿಮ್ಮ ಕೈಯಿಂದ ಹೋಗುವ ಖರ್ಚೂ ಉಂಟು, ಅದನ್ನೂ ಹೇಳ್ತೇನೆ. ಪಾಸ್‌ಪೋರ್ಟು, ಪೊಲೀಸ್ ಕ್ಲಿಯರೆನ್ಸು, ಸರ್ಟಿಫಿಕೇಟ್ ಅಟೆಸ್ಟೇಶನ್ನು (ಸರ್ಟಿಫಿಕೇಟ್ ಅಸಲಿ ಅಂತ ಮುದ್ರೆ ಒತ್ತಿಸುದು) ಇದೆಲ್ಲ ಸಾಮಾನ್ಯವಾಗಿ ನಾವೇ ಮಾಡಿಸುದು. ಅಟೆಸ್ಟೇಶನ್‌ನಲ್ಲಿ ನಮ್ಮ ಕಾಸರಗೋಡಿನವರಿಗೆ ಒಂದು ತಾಪತ್ರಯ, ಯಾವ ರಾಜ್ಯದ ಯೂನಿವರ್ಸಿಟಿಯೋ ಆ ರಾಜ್ಯದ ಮೂಲಕವೇ ಹೋಗ್ಬೇಕು. ನಿಮ್ಮ ಪ್ಲಸ್ ಟು ಕೇರಳದ್ದು, ಕೇರಳ ಸರಕಾರದ ನೋರ್ಕಾ ರೂಟ್ಸಲ್ಲಿ ಆಗ್ತದೆ, ಡಿಗ್ರಿ, ಬಿ.ಎಡ್. ಮಂಗಳೂರಿನದ್ದು, ಅದಕ್ಕೆ ಬೆಂಗಳೂರು. ಆಮೇಲೆ ವಿದೇಶಾಂಗ ಇಲಾಖೆ, ಅದಾದ್ಮೇಲೆ ಯುಎಇ ಎಂಬೆಸಿ, ಯಾಕಂದ್ರೆ ಯುಎಇ ಅಪೊಸ್ಟಿಲ್ (ಒಂದೇ ಮುದ್ರೆಯನ್ನು ಸೇರಿದ ದೇಶಗಳೆಲ್ಲ ಒಪ್ಪುವ ಕ್ರಮ) ಒಪ್ಪಂದದಲ್ಲಿಲ್ಲ, ಒಮಾನ್ ಬಹರೈನ್‌ಗೆ ಹೋಗುವವರಿಗೆ ಅಪೊಸ್ಟಿಲ್ ಸಾಕು. ಡಿಗ್ರಿ ಕೇಳಿದ್ರೆ ಡಿಗ್ರಿ, ಬಿ.ಎಡ್. ಮಾತ್ರ ಮಾಡಿಸಿ, ಏಜೆಂಟ್ ಹೇಳಿದ ಅಂತ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲದಕ್ಕೂ ಮುದ್ರೆ ಒತ್ತಿಸ್ಲಿಕ್ಕೆ ಹೋಗ್ಬೇಡಿ.

ಇನ್ನು ಆ 1.80 ಲಕ್ಷ. ನಮ್ಮ ದೇಶದ ನಿಯಮದಲ್ಲಿ ರಿಜಿಸ್ಟರ್ ಆದ ಏಜೆಂಟ್ ಸರ್ವಿಸ್ ಚಾರ್ಜ್ ಅಂತ ತಗೊಳ್ಳಬಹುದಾದ್ದು ಜಾಸ್ತಿ ಅಂದ್ರೆ 30,000 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 35,400, ಅದಕ್ಕೂ ರಶೀದಿ ಕೊಡ್ಬೇಕು. ಅವರ ಲೈಸನ್ಸ್ ನಂಬರ್ ಕೇಳಿ ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಹಾಕಿ ನೋಡಿ. ನಂಬರ್ ಕೇಳಿದ ಕೂಡ್ಲೇ ಮಾತು ತಿರುಗಿಸಿದ್ರೆ ಅಲ್ಲಿಗೇ ಕೈಬಿಡಿ. ಲೈಸನ್ಸ್ ಇಲ್ಲದೆ ಜನ ಕಳಿಸಿದ್ರೆ 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು ಮತ್ತೆ ದಂಡ, ದಂಡ ಎಷ್ಟು ಗೊತ್ತುಂಟಾ, ಹೆಚ್ಚಂದ್ರೆ 2,000 ರೂಪಾಯಿ! ಲಕ್ಷಗಟ್ಟಲೆ ತಗೊಳ್ಳುವವನಿಗೆ ಇದೊಂದು ಹೆದರಿಕೆಯಾ ಮಾರಾಯ್ರೆ. ಹಾಗಾಗಿ ಕಂಪ್ಲೇಂಟ್ ಕೊಡ್ತೇನೆ ಅಂತ ನಂಬಿ ದುಡ್ಡು ಕೊಡುದಕ್ಕಿಂತ ಕೊಡದೇ ಇರುದು ಒಳ್ಳೇದು.

ಮತ್ತೊಂದು, ಶಾಲೆಯ ಲೆಟರ್‌ಹೆಡ್ಡಿನ ಆಫರ್ ಸಾಕಾಗುದಿಲ್ಲ, ಅಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಬರ್ಬೇಕು. ಅರೇಬಿಕ್, ಇಂಗ್ಲಿಷಿನ ಜೊತೆಗೆ ನಮಗೆ ಅರ್ಥ ಆಗುವ ಮೂರನೇ ಭಾಷೆಯಲ್ಲೂ ಸಿಗ್ತದೆ, ಮಲಯಾಳ ಉಂಟು, ತಮಿಳು ಉಂಟು, ಕನ್ನಡ ಇಲ್ಲ (ನಮಗೆ ಇದು ಅಭ್ಯಾಸ ಆಗಿದೆ ಬಿಡಿ, ಇಲ್ಲಿ ಪಂಚಾಯತಿನ ನೋಟೀಸ್ ಓದುವ ಹಾಗೇ ಅದನ್ನೂ ಓದುವ). ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಚೇಂಜ್ ಮಾಡುವ ಅಂದ್ರೆ ಬೇಡ ಅನ್ನಿ. ವಿಸಿಟ್ ವೀಸಾದಲ್ಲಿ ಕ್ಲಾಸ್ ತಗೊಂಡ್ರೆ ಅದು ಅಕ್ರಮವೇ, ಸಿಕ್ಕಿಬಿದ್ದ ದಿನ ಏಜೆಂಟ್ ಫೋನ್ ಎತ್ತುದಿಲ್ಲ.

ಪ್ರಶ್ನೆ: ನನಗೆ ಸೌದಿಯ ಶಾಲೆಯಲ್ಲಿ ಕೆಲ್ಸ ಆಗಿದೆ. ಹೆಂಡತಿ, ಎರಡು ಮಕ್ಕಳ ವೀಸಾ ಖರ್ಚೂ ಶಾಲೆಯದ್ದೇ ಅಲ್ವಾ? – ನೀರ್ಚಾಲು

ಉತ್ತರ: ಅಲ್ಲ. ನಿಮ್ಮದು ಶಾಲೆಯದ್ದು, ಸೌದಿ ಕಾರ್ಮಿಕ ಕಾನೂನಿನ 40ನೇ ಕಲಂನಲ್ಲಿ ಇಕಾಮಾ (ಅಲ್ಲಿ ವಾಸ ಮಾಡ್ಲಿಕ್ಕೆ ಬೇಕಾದ ಪರ್ಮಿಟ್), ವರ್ಕ್ ಪರ್ಮಿಟ್, ಅದರ ರಿನ್ಯೂವಲ್, ಲೇಟಾದ್ರೆ ಬೀಳುವ ಫೈನ್, ಎಕ್ಸಿಟ್ ರೀಎಂಟ್ರಿ (ಊರಿಗೆ ಹೋಗಿ ವಾಪಸ್ ಬರ್ಲಿಕ್ಕೆ ಬೇಕಾದ ವೀಸಾ), ಕೆಲ್ಸ ಮುಗಿದ ಮೇಲೆ ಊರಿಗೆ ಟಿಕೆಟ್, ಎಲ್ಲ ಕೆಲ್ಸ ಕೊಟ್ಟವರ ತಲೆ ಮೇಲೆ ಹಾಕಿದ್ದಾರೆ. ಫ್ಯಾಮಿಲಿಯದ್ದು ನಿಮ್ಮ ಕೈಯಿಂದ. 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಅಂತ ಶುರುವಾದ ಫೀ 2020ಕ್ಕೆ 400 ಆಯ್ತು. ಮೂರು ಜನಕ್ಕೆ ತಿಂಗಳಿಗೆ 1,200. ಕಾಂಟ್ರಾಕ್ಟಿಗೆ ಸೈನ್ ಹಾಕುವ ಮೊದಲು ಈ ಲೆಕ್ಕ ಮನೆಯವರ ಜೊತೆ ಕೂತು ಮಾಡಿ.

ಪ್ರಶ್ನೆ: ನೀವು ಯಾವಾಗಲೂ ಟೀಚರ್ ಪರ ಮಾತಾಡ್ತೀರಿ. ನಾನು ದುಬೈಯ ಶಾಲೆಯೊಂದರ ಆಫೀಸಲ್ಲಿದ್ದೇನೆ, ರಜೆಯಲ್ಲಿ ಊರಿಗೆ ಬಂದಾಗ ಇದು ಬರೀತಿದ್ದೇನೆ. ನಾವು ಇಷ್ಟೆಲ್ಲ ಖರ್ಚು ಮಾಡಿ ಕರೆಸಿದ ಟೀಚರ್ ಮೂರು ತಿಂಗಳಲ್ಲಿ ಪಕ್ಕದ ಶಾಲೆಗೆ ಹಾರಿದ್ರೆ ನಾವು ಎಂತ ಮಾಡುದು? ಮಧ್ಯೆ ಬಿಟ್ರೆ ಖರ್ಚು ಕಟ್ಟಬೇಕು ಅಂತ ಬಾಂಡ್ ಬರೆಸಿಕೊಂಡ್ರೆ ತಪ್ಪಾ? – ಮಂಜೇಶ್ವರ

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗ್ತದೆ ಸಾರ್, ನಾನೂ ಅಂಥದ್ದೇ ಕುರ್ಚಿಯಲ್ಲಿ ಕೂತು ಬಂದವನು. ನವೆಂಬರಲ್ಲಿ ಫಿಸಿಕ್ಸ್ ಟೀಚರ್ ಬಿಟ್ಟು ಹೋದ್ರೆ ಬೋರ್ಡ್ ಎಕ್ಸಾಮಿನ ಮಕ್ಕಳನ್ನು ಎದುರಿಸ್ಲಿಕ್ಕೆ ಎಷ್ಟು ಕಷ್ಟ ಅಂತ ಗೊತ್ತುಂಟು. ಆದ್ರೆ ಅದಕ್ಕೂ ಮೊದಲ ಉತ್ತರದಲ್ಲಿ ಹೇಳಿದ ಯುಎಇಯ ಅದೇ ಕಾನೂನಲ್ಲಿ ದಾರಿ ಉಂಟಲ್ಲ. ಪ್ರೊಬೇಶನ್ ಆರು ತಿಂಗಳವರೆಗೆ ಇಡಬಹುದು, ಆ ಟೈಮಲ್ಲಿ ಅಲ್ಲೇ ಬೇರೆ ಕಡೆ ಸೇರುವವರು ಒಂದು ತಿಂಗಳ ನೋಟೀಸ್ ಕೊಡ್ಬೇಕು, ನಿಮ್ಮ ರಿಕ್ರೂಟ್‌ಮೆಂಟ್ ಖರ್ಚನ್ನು ಅವರನ್ನು ಎಳೆದುಕೊಂಡ ಹೊಸ ಶಾಲೆ ನಿಮಗೆ ತುಂಬಿಕೊಡ್ಬೇಕು, ಟೀಚರ್ ಅಲ್ಲ. ದೇಶ ಬಿಟ್ಟೇ ಹೋಗುವವರಿಗೆ 14 ದಿನದ ನೋಟೀಸು. ಅಂದ್ರೆ ಹಾರಿದವರಿಂದ ಲಾಭ ಆದ್ದು ಯಾರಿಗೋ ಅವರ ಹತ್ರ ಕೇಳಿ ಅಂತ ಕಾನೂನೇ ಹೇಳ್ತದೆ. ನೀವು ಅವರ ಮೇಲೆ ಕ್ಲೇಮ್ ಹಾಕುದು ಬಿಟ್ಟು ಅಳುವ ಹುಡುಗಿ ಹತ್ರ ಬಾಂಡ್ ತೋರಿಸುದು ಯಾಕಂದ್ರೆ ಅದು ಸುಲಭ. ಪಾಸ್‌ಪೋರ್ಟ್ ಲಾಕರಲ್ಲಿಟ್ಟುಕೊಳ್ಳುದೂ ಅಷ್ಟೇ, ಅಲ್ಲಿನ ಕಾನೂನಲ್ಲಿ ಅದಕ್ಕೂ ಅವಕಾಶ ಇಲ್ಲ.

ಇದು ಗಲ್ಫಿನ ಕತೆ ಮಾತ್ರ ಅಲ್ಲ. ಅಮೆರಿಕದ ಮೇರಿಲ್ಯಾಂಡಲ್ಲಿ ಪ್ರಿನ್ಸ್ ಜಾರ್ಜಸ್ ಕೌಂಟಿ ಅಂತ ಉಂಟು, ಅಲ್ಲಿನ ಸರಕಾರಿ ಶಾಲೆಗಳು ಎಚ್-1ಬಿ ವೀಸಾದಲ್ಲಿ ಹೊರದೇಶದ ಟೀಚರ್‌ಗಳನ್ನು ಕರೆಸಿ ತಾವು ಕಟ್ಟಬೇಕಾದ ವೀಸಾ ಫೀಯನ್ನು ಅವರ ಕೈಯಿಂದ ಕಟ್ಟಿಸಿದ್ವು. ಶಾಲೆಯ ಖರ್ಚು ಟೀಚರ್ ಕೊಟ್ರೆ ಅಷ್ಟು ಸಂಬಳ ಕಮ್ಮಿ ಕೊಟ್ಟ ಹಾಗೇ ಅಂತ ಅಲ್ಲಿನ ಕಾರ್ಮಿಕ ಇಲಾಖೆ ಹಿಡೀತು, 2011ರಲ್ಲಿ 1,044 ಟೀಚರ್‌ಗಳಿಗೆ ಸುಮಾರು 42 ಲಕ್ಷ ಡಾಲರ್ ವಾಪಸ್ ಕೊಡ್ಬೇಕಾಯ್ತು, ಅದರ ಮೇಲೆ ಒಂದು ಲಕ್ಷ ಡಾಲರ್ ದಂಡ, ಎರಡು ವರ್ಷ ಹೊರದೇಶದವರನ್ನು ತಗೊಳ್ಳುವ ಹಾಗೂ ಇಲ್ಲ. ಸರಕಾರಿ ಶಾಲೆಯ ಕತೆಯೇ ಹೀಗೆ.

ನನ್ನ ಅನುಭವದಲ್ಲಿ ಮೂರು ತಿಂಗಳಲ್ಲಿ ಓಡುವವರು ಹೆಚ್ಚಾಗಿ ಸಂಬಳಕ್ಕೆ ಓಡುದಲ್ಲ. ವಾರಕ್ಕೆ ಎಷ್ಟು ಪೀರಿಯಡ್, ರೂಮಲ್ಲಿ ಎಷ್ಟು ಜನ ಶೇರಿಂಗ್, ಬಸ್ ಡ್ಯೂಟಿ ಉಂಟಾ ಅಂತ ಇಂಟರ್‌ವ್ಯೂ ದಿನವೇ ಸರಿಯಾಗಿ ಹೇಳಿ ನೋಡಿ, ಬರುವವರು ಕಮ್ಮಿ ಆಗಬಹುದು, ಬಂದವರು ನಿಲ್ತಾರೆ.

ಪ್ರಶ್ನೆ: ಇಂಗ್ಲೆಂಡಿನ ಶಾಲೆಯೊಂದು ಮಗಳಿಗೆ ಫಿಸಿಕ್ಸ್ ಟೀಚರ್ ಕೆಲ್ಸ ಕೊಡ್ತೇನೆ ಅಂತಿದೆ, ಸ್ಪಾನ್ಸರ್‌ಶಿಪ್ಪೂ ಅವರದ್ದೇ. ಆದ್ರೂ ವೀಸಾ ಫೀ ನೀವೇ ಕಟ್ಟಿ ಅಂತ ಬರೆದಿದ್ದಾರೆ. ಇದು ಮೋಸವಾ? – ಮುಳ್ಳೇರಿಯ

ಉತ್ತರ: ಮೋಸ ಅಲ್ಲ, ಅಲ್ಲಿ ಕ್ರಮ ಬೇರೆ. ಸ್ಪಾನ್ಸರ್ ಲೈಸನ್ಸು (ಹೊರದೇಶದವರನ್ನು ತಗೊಳ್ಳಲಿಕ್ಕೆ ಶಾಲೆಗೆ ಬೇಕಾದ ಅನುಮತಿ), ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ಪು (ಟೀಚರ್ ಹೆಸರಲ್ಲಿ ಶಾಲೆ ಕೊಡುವ ದಾಖಲೆ), ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜು (ಹೊರದೇಶದವರನ್ನು ತಗೊಂಡದ್ದಕ್ಕೆ ಸರಕಾರಕ್ಕೆ ಕಟ್ಟುವ ಫೀ) ಈ ಮೂರನ್ನು ಶಾಲೆಯೇ ಕಟ್ಟಬೇಕು, ಸ್ಕಿಲ್ಡ್ ವರ್ಕರ್ ವೀಸಾದವರ ಹತ್ರ ಅದನ್ನು ವಾಪಸ್ ಕೇಳುವ ಹಾಗಿಲ್ಲ. ವೀಸಾ ಅರ್ಜಿಯ ಫೀ ಮತ್ತೆ ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರಕಾರಿ ಆಸ್ಪತ್ರೆ ಸೇವೆಗೆ ಕಟ್ಟುವ ದುಡ್ಡು) ಸಾಮಾನ್ಯವಾಗಿ ಅರ್ಜಿ ಹಾಕುವವರದ್ದೇ. ಈ ಸರ್‌ಚಾರ್ಜ್ ಉಂಟಲ್ಲ, 2024ರಿಂದ ವರ್ಷಕ್ಕೆ 1,035 ಪೌಂಡ್, ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಮೊದಲೇ ಒಟ್ಟಿಗೆ ಕಟ್ಟಬೇಕು, ಮೂರು ವರ್ಷಕ್ಕೆ 3,105 ಪೌಂಡ್. ನನಗೆ ಕೇಳಿದ್ರೆ ಇದೂ ಸರಿಯಲ್ಲ, ಸಂಬಳ ಬರುವ ಮೊದಲೇ ನಮ್ಮೂರಿನ ಟೀಚರ್ ಅಷ್ಟು ದುಡ್ಡು ಎಲ್ಲಿಂದ ತರುದು? ಕೆಲವು ಶಾಲೆಗಳು ರಿಲೊಕೇಶನ್ ಅಂತ ಸ್ವಲ್ಪ ಕೊಡ್ತವೆ, ಕೇಳಿದವರಿಗೆ ಕೊಡುದು ಜಾಸ್ತಿ. ಒಪ್ಪಿಗೆ ಕೊಡುವ ಮೊದಲೇ ಮಗಳ ಹತ್ರ ಒಂದು ಇಮೇಲ್ ಹಾಕಿಸಿ, ಫೀ ಮತ್ತೆ ಸರ್‌ಚಾರ್ಜಲ್ಲಿ ಶಾಲೆ ಎಷ್ಟು ಕೊಡ್ತದೆ, ಮಧ್ಯೆ ಬಿಟ್ರೆ ಅದರಲ್ಲಿ ಎಷ್ಟು ವಾಪಸ್ ಕೇಳ್ತದೆ, ಎರಡಕ್ಕೂ ಬರವಣಿಗೆಯಲ್ಲೇ ಉತ್ತರ ಬರ್ಲಿ.