ಜಾಕ್ಸನ್ ಆಡಿದನೆನ್ನುವ ಮಾತು, ಹಾಕಿದ ಸಹಿ

ಪ್ರಿಯ ಬರಹಗಾರರೇ,

ಅಮೆರಿಕದ ಅಧ್ಯಕ್ಷನಾಗಿದ್ದ ಜಾಕ್ಸನ್ ಬಗ್ಗೆ ನೀವು ಬರೆದ ‘ಆಂಡ್ರ್ಯೂ ಜಾಕ್ಸನ್: ನಾಯಕನೋ ಖಳನೋ?’ ಎಂಬ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ರಾಷ್ಟ್ರೀಯ ಬ್ಯಾಂಕಿನ ಜೊತೆ ಅವನು ನಡೆಸಿದ ಜಗಳವನ್ನು ಅಚ್ಚುಕಟ್ಟಾಗಿ ಬಿಡಿಸಿದ್ದೀರಿ. ನನ್ನನ್ನು ಕೆರಳಿಸಿದ್ದು ಮೂರನೇ ಪುಟ. ಅಲ್ಲಿನ ಮೂರು ವಾಕ್ಯಗಳ ಬಗ್ಗೆ ಮಾತ್ರ ಬರೆಯುತ್ತೇನೆ.

“ತೀರ್ಪು ಕೊಟ್ಟವನು ಜಾನ್ ಮಾರ್ಷಲ್, ಜಾರಿಯನ್ನೂ ಅವನೇ ಮಾಡಿಕೊಳ್ಳಲಿ ಎಂದು ಜಾಕ್ಸನ್ ಗುಡುಗಿದ.”

ಯಾರೆದುರು ಗುಡುಗಿದ? ಯಾವತ್ತು? ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾರ್ಷಲ್‌ನ ಆ ತೀರ್ಪು ಬಂದದ್ದು 1832ರ ಮಾರ್ಚ್ 3ರಂದು. ಈ ಮಾತನ್ನು ಹರಡಿದ್ದು ಪತ್ರಕರ್ತ ಹೊರೇಸ್ ಗ್ರೀಲಿ 1864ರಲ್ಲಿ ಪ್ರಕಟಿಸಿದ ಪುಸ್ತಕ. ಅಷ್ಟರಲ್ಲಿ ಜಾಕ್ಸನ್ ತೀರಿಕೊಂಡು 19 ವರ್ಷವಾಗಿತ್ತು. ಅದಲ್ಲದೆ, ಆ ತೀರ್ಪಿನಲ್ಲಿ ಅಧ್ಯಕ್ಷ ಕೂಡಲೇ ಜಾರಿ ಮಾಡಬೇಕಾದ ಆದೇಶವೇ ಇರಲಿಲ್ಲ. ಚೆರೋಕಿ ಎಂಬ ಮೂಲನಿವಾಸಿಗಳ ನೆಲದಲ್ಲಿ ಪರವಾನಗಿಯಿಲ್ಲದೆ ವಾಸಿಸಿದ್ದಕ್ಕೆ ಜಾರ್ಜಿಯಾ ರಾಜ್ಯ ಜೈಲಿಗೆ ಹಾಕಿದ್ದ ಸ್ಯಾಮ್ಯುಯೆಲ್ ವೂಸ್ಟರ್ ಎಂಬ ಪಾದ್ರಿಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದೇಶ ಹೋದದ್ದು ಜಾರ್ಜಿಯಾದ ನ್ಯಾಯಾಲಯಕ್ಕೆ. ಅದು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಪ್ರೀಂ ಕೋರ್ಟ್ ಮುಂದಿನ ಹೆಜ್ಜೆ ಇಡಬೇಕೆಂದರೆ ತನ್ನ 1833ರ ಜನವರಿಯ ಅಧಿವೇಶನದವರೆಗೆ ಕಾಯಬೇಕಿತ್ತು; ಅದೇ ತಿಂಗಳು ಜಾರ್ಜಿಯಾ ವೂಸ್ಟರನನ್ನು ಬಿಟ್ಟುಬಿಟ್ಟಿತು.

ಜಾಕ್ಸನ್ ನಿಜವಾಗಿ ಬರೆದದ್ದು ಸಿಗುತ್ತದೆ. 1832ರ ಏಪ್ರಿಲ್‌ನಲ್ಲಿ ಗೆಳೆಯ ಜಾನ್ ಕಾಫಿಗೆ ಬರೆದ ಪತ್ರದಲ್ಲಿ, ತೀರ್ಪು ಸತ್ತೇ ಹುಟ್ಟಿದೆ, ಜಾರ್ಜಿಯಾವನ್ನು ಬಗ್ಗಿಸಲು ಕೋರ್ಟಿಗೆ ಆಗುವುದಿಲ್ಲ ಎಂಬ ಅರ್ಥದ ಮಾತಿದೆ. ಗುಡುಗಿಗಿಂತ ಈ ತಣ್ಣನೆಯ ತೃಪ್ತಿ ಎಷ್ಟು ಭಯಂಕರ, ನೋಡಿ. ನೀವು ಇದನ್ನು ಬಿಟ್ಟು ಅದನ್ನು ಹಿಡಿದಿರಿ. ನಾನು ಉಪಸಂಪಾದಕನಾಗಿ ಕೆಲಸ ಕಲಿಯುವಾಗ ಹಿರಿಯರು ಹಾಕಿಕೊಟ್ಟ ಕ್ರಮ ಹೀಗಿತ್ತು: ಉದ್ಧರಣೆ ಕಂಡಲ್ಲೆಲ್ಲ ಅಂಚಿನಲ್ಲಿ ಯಾರು ಬರೆದಿಟ್ಟರು, ಯಾವ ವರ್ಷ, ಹೇಳಿದವನು ಆಗ ಬದುಕಿದ್ದನೇ ಎಂದು ಗುರುತು ಹಾಕಬೇಕು, ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಉದ್ಧರಣ ಚಿಹ್ನೆ ತೆಗೆಯಬೇಕು. ನೀವೂ ಹಾಗೇ ಮಾಡಿ.

“1838ರಲ್ಲಿ ಜಾಕ್ಸನ್ ಚೆರೋಕಿಗಳನ್ನು ಓಡಿಸಿದ.”

ಅವನ ಅಧಿಕಾರ ಮುಗಿದದ್ದು 1837ರ ಮಾರ್ಚ್‌ನಲ್ಲಿ. 1838ರಲ್ಲಿ ಅಧ್ಯಕ್ಷನಾಗಿದ್ದವನು ವ್ಯಾನ್ ಬ್ಯೂರೆನ್, ಸೈನ್ಯ ನಡೆಸಿದವನು ವಿನ್‌ಫೀಲ್ಡ್ ಸ್ಕಾಟ್. ಈ ಒಂದು ತಪ್ಪು ಸಾಕು, ಜಾಕ್ಸನ್‌ನ ಅಭಿಮಾನಿ ನಿಮ್ಮ ಇಡೀ ಲೇಖನವನ್ನು ತಳ್ಳಿಹಾಕುತ್ತಾನೆ. ಹೊಣೆಯನ್ನು ಕಾಗದಗಳ ಮೂಲಕ ತೋರಿಸಿ. 1830ರ ಮೇ 28ರಂದು, ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸುವ ತೆರವು ಕಾಯ್ದೆಗೆ ಸಹಿ ಹಾಕಿದವನು ಜಾಕ್ಸನ್. ಅದರಲ್ಲೇ 5 ಲಕ್ಷ ಡಾಲರ್ ಮಂಜೂರಾಗಿತ್ತು. 1835ರ ಡಿಸೆಂಬರ್ 29ರಂದು ನ್ಯೂ ಎಕೋಟಾದಲ್ಲಿ ಚೆರೋಕಿಗಳ ಸಣ್ಣದೊಂದು ಗುಂಪು ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ರುಜು ಹಾಕಿತು. ಚೆರೋಕಿಗಳ ಚುನಾಯಿತ ಮುಖ್ಯಸ್ಥ ಜಾನ್ ರಾಸ್ ಅದನ್ನು ಒಪ್ಪಿರಲಿಲ್ಲ. ಆದರೂ ಸೆನೆಟ್‌ನಲ್ಲಿ, ಬೇಕಿದ್ದ ಮೂರನೇ ಎರಡರಷ್ಟು ಬಹುಮತವನ್ನು ಕೂದಲೆಳೆಯಲ್ಲಿ ದಾಟಿ ಅದು ಪಾರಾಯಿತು. ಜಾಕ್ಸನ್ 1836ರ ಮೇ 23ರಂದು ಅದನ್ನು ಜಾರಿಗೆ ತಂದ. ಊರು ಬಿಡಲು ಕೊಟ್ಟ ಗಡುವು ಎರಡು ವರ್ಷ. ಲೆಕ್ಕ ಹಾಕಿ: ಗಡುವು ಮುಗಿದದ್ದು 1838ರ ಮೇ 23ಕ್ಕೆ, ಅದರ ಬೆನ್ನಿಗೇ ಸೈನಿಕರು ಮನೆಗಳಿಗೆ ನುಗ್ಗಿದರು. ಸುಮಾರು 16,000 ಜನರನ್ನು ಹೊರಡಿಸಿದರು; ಸತ್ತವರು ಸುಮಾರು 4,000 ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಹುದ್ದೆ ಬಿಟ್ಟವನ ಸಹಿ ಕೆಲಸ ಮಾಡುತ್ತಲೇ ಇತ್ತು.

“ಆ ಕಾಲವೇ ಹಾಗಿತ್ತು, ಇಂದಿನ ಅಳತೆಯಲ್ಲಿ ಅಳೆಯಬಾರದು.”

ಇದನ್ನು ಓದಿ ನನಗೆ ಸಿಟ್ಟೇ ಬಂತು. ಸರಿ, ಅಂದಿನ ಅಳತೆಯಲ್ಲೇ ಅಳೆಯಿರಿ. ತೆರವು ಕಾಯ್ದೆಗೆ ಪ್ರತಿನಿಧಿ ಸಭೆಯಲ್ಲಿ ಬಿದ್ದ ಮತ ಪರ 102, ವಿರುದ್ಧ 97. ಮೂವರು ಮನಸ್ಸು ಬದಲಿಸಿದ್ದರೆ ಬಿದ್ದುಹೋಗುತ್ತಿತ್ತು. ಸೆನೆಟ್‌ನಲ್ಲಿ ನ್ಯೂಜೆರ್ಸಿಯ ಥಿಯೊಡೋರ್ ಫ್ರೀಲಿಂಗ್‌ಹೈಸನ್ ಮೂರು ದಿನ ಸೇರಿ ಆರು ಗಂಟೆ ವಿರೋಧಿಸಿ ಮಾತಾಡಿದ. ಜಾಕ್ಸನ್‌ನ ಸ್ವಂತ ರಾಜ್ಯ ಟೆನೆಸೀಯ ಡೇವಿ ಕ್ರಾಕೆಟ್ ಪ್ರತಿನಿಧಿ ಸಭೆಯಲ್ಲಿ ವಿರುದ್ಧ ಮತ ಹಾಕಿದ. ಹೆಂಗಸರಿಗೆ ಮತದ ಹಕ್ಕೇ ಇಲ್ಲದ ಆ ಕಾಲದಲ್ಲಿ ಅವರು ಸಹಿ ಸಂಗ್ರಹಿಸಿ ಕಾಂಗ್ರೆಸ್ಸಿಗೆ ಮನವಿ ಕಳಿಸಿದರು. ಇವರೆಲ್ಲ ಯಾವ ಕಾಲದವರು? ಚೆರೋಕಿಗಳೂ ಅದೇ ಕಾಲದವರಲ್ಲವೇ?

ಗುಲಾಮಗಿರಿಯ ಬಗ್ಗೆ ಒಂದೇ ಸಾಲಿದೆ, ಅದನ್ನು ಹಿಗ್ಗಿಸಿ: ಸಾಯುವಾಗ ಅವನ ಒಡೆತನದಲ್ಲಿ ಸುಮಾರು 150 ಜನ ಗುಲಾಮರಿದ್ದರು.

ಮೂರನೇ ಪುಟವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಮೊದಲು 1830ರ ಮತದಾನ, ಆಮೇಲೆ ಕಾಫಿಗೆ ಬರೆದ ಪತ್ರ, ಕೊನೆಗೆ ಒಪ್ಪಂದ ಮತ್ತು ಗಡುವು. ಶೀರ್ಷಿಕೆಯ ಪ್ರಶ್ನೆಯನ್ನೂ ತೆಗೆಯಿರಿ. ತಿದ್ದಿದ ಪ್ರತಿ ಬಂದ ಕೂಡಲೇ ಓದುತ್ತೇನೆ.

ಸಂಪಾದಕ