ಹಾಳೆ ತಿರುಗಿಸಿ ನೋಡಿದಿರಾ?

(ಕಾಪು ಕಡೆಯ ಓದುಗರೊಬ್ಬರಿಗೆ ಅಜ್ಜನ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದಲ್ಲಿ ಸರ್ಕಾರ ಸಾಲ ಪಡೆದು ಬರೆದುಕೊಟ್ಟ ಪ್ರಾಮಿಸರಿ ನೋಟು, ಒಂದು ಕಟ್ಟು ತೀರ್ವೆ ಅಂದರೆ ಭೂಕಂದಾಯದ ರಸೀದಿ ಮತ್ತು ಬೆನಗಲ್ ರಾಮರಾವ್ ಸಹಿಯ ಹತ್ತು ರೂಪಾಯಿ ನೋಟು ಸಿಕ್ಕಿವೆ. ಸಹಿ ಇರುವುದರಿಂದ ಲಕ್ಷಗಟ್ಟಲೆ ಬರುತ್ತದಂತೆ, ಹೌದಾ? ಲ್ಯಾಮಿನೇಟ್ ಮಾಡಿಸಲಾ? ಇಂಥವನ್ನೇ ಕೊಂಡು ಸಂಗ್ರಹ ಶುರು ಮಾಡಲಾ? ಇದು ಅವರ ಪತ್ರ.)

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಕಾಗದದ ಕಥೆ ಮುಗಿಯಿತು. ಸೆಲ್ಲೋಟೇಪೂ ಬೇಡ.

ಲಕ್ಷದ ಮಾತು ವಾಟ್ಸಾಪಿಗೆ ಬಿಡಿ. ರಾಮರಾಯರು ನಮ್ಮ ಕರಾವಳಿ ಮೂಲದ ಮನೆತನದವರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾಯರ ತಮ್ಮ. ಹೆಮ್ಮೆ ಪಡೋಣ. ಆದರೆ 1949ರಿಂದ 1957ರ ಜನವರಿವರೆಗೆ ಅವರೇ ರಿಸರ್ವ್ ಬ್ಯಾಂಕ್ ಗವರ್ನರ್. ಅಷ್ಟು ವರ್ಷ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಅವರ ಸಹಿ ಎಷ್ಟು ನೋಟುಗಳ ಮೇಲೆ ಅಚ್ಚಾಗಿರಬೇಕು, ನೀವೇ ಯೋಚಿಸಿ! ಅಂದಹಾಗೆ, ಸರ್ಕಾರವೇ ಹೊರಡಿಸುವ ನೋಟು ಬೇಕಿದ್ದರೆ ಒಂದು ರೂಪಾಯಿಯದನ್ನು ಹುಡುಕಿ. ಅದರಲ್ಲಿ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯದು ಇರುತ್ತದೆ.

ಅಚ್ಚಿನ ಸಹಿಗಿಂತ ಕೈ ಸಹಿಯ ತೂಕ ಜಾಸ್ತಿ. ಗುರುತಿಸುವುದು ಕಷ್ಟವಲ್ಲ. ಭೂತಗನ್ನಡಿ ಹಿಡಿಯಿರಿ. ಕೈ ಸಹಿಯಲ್ಲಿ ಗೆರೆ ಗೆರೆಯನ್ನು ದಾಟಿದ ಕಡೆ ಶಾಯಿ ದಟ್ಟವಾಗಿರುತ್ತದೆ, ನಿಬ್ಬು ಒತ್ತಿದ ಕಡೆ ದಪ್ಪಗಾಗಿರುತ್ತದೆ. ಕಬ್ಬಿಣದ ಅಂಶವಿದ್ದ ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿ ಹಿಂಬದಿಗೂ ಇಳಿದಿರುತ್ತದೆ. ಅಚ್ಚಿನದು ಎಲ್ಲ ಕಡೆ ಒಂದೇ ಸಮ.

ಈಗ ಪ್ರಾಮಿಸರಿ ನೋಟು ತಿರುಗಿಸಿ. ಹಿಂಬದಿಯಲ್ಲಿ ಗೆರೆ ಹಾಕಿದ ಚಿಕ್ಕ ಚಿಕ್ಕ ಚೌಕಗಳಿರುತ್ತವೆ. ಆರು ತಿಂಗಳ ಬಡ್ಡಿ ಕೊಟ್ಟಾಗಲೆಲ್ಲ ಒಂದೊಂದರಲ್ಲಿ ಗುರುತು ಹಾಕುತ್ತಿದ್ದರು. ನೋಟು ಕೈ ಬದಲಾದರೆ ‘ಇಂಥವರಿಗೆ ಕೊಡಿ’ ಎಂದು ಬರೆದು ಮಾಲೀಕರು ಅಲ್ಲೇ ಸಹಿ ಮಾಡುತ್ತಿದ್ದರು. ಯಾರಿಂದ ಯಾರಿಗೆ ಹೋಯಿತು, ಬಡ್ಡಿ ಎಲ್ಲಿಗೆ ನಿಂತಿತು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಾನಾದರೆ ಮುಂಬದಿಯ ಲಾಂಛನಕ್ಕಿಂತ ಇದಕ್ಕೇ ದುಡ್ಡು ಕೊಟ್ಟೇನು.

ಒಂದು ಎಚ್ಚರಿಕೆ. ಅಸಲು ವಾಪಸ್ ಪಡೆಯುವಾಗ ನೋಟನ್ನು ಒಪ್ಪಿಸಬೇಕಿತ್ತು. ನಿಮ್ಮದು ಪೆಟ್ಟಿಗೆಯಲ್ಲೇ ಉಳಿದಿದೆ ಅಂದರೆ ಅಸಲು ಇನ್ನೂ ಪಡೆಯದೇ ಇರಬಹುದು, ಸುಮ್ನೆ ಮಾರಬೇಡಿ. ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಸಾಲ ಕಚೇರಿಗೆ ಒಂದು ಪತ್ರ ಬರೆದು ವಿಚಾರಿಸಿ.

ತೀರ್ವೆ ರಸೀದಿಯನ್ನು ನೀವು ಪತ್ರದ ಕೊನೆಯಲ್ಲಿ ‘ಹಾಗೇ ಸುಮಾರು ಚೀಟಿಗಳು’ ಎಂದು ತಳ್ಳಿಹಾಕಿದ್ದೀರಿ. ನನಗೆ ಆಸೆ ಹುಟ್ಟಿಸಿದ್ದು ಅವೇ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಆ ರಸೀದಿಗಳಲ್ಲಿ ಫಸಲಿ ವರ್ಷ, ಅಂದರೆ ಅಲ್ಲಿನ ಕಂದಾಯ ಲೆಕ್ಕದ ವರ್ಷ, ಇರುತ್ತದೆ. 1345 ಎಂದು ಕಂಡರೆ ವಿಜಯನಗರದ ಕಾಲದ್ದೆಂದು ಬೀಗಬೇಡಿ! 590 ಕೂಡಿಸಿ, 1935ರ ಜುಲೈಯಿಂದ ಮುಂದಿನ ಜೂನ್‌ವರೆಗೆ ಎಂದಾಯಿತು. ವರ್ಷವಾರು ಜೋಡಿಸಿದರೆ ಜಾಗ ಯಾರ ಹೆಸರಲ್ಲಿತ್ತು, ತೀರ್ವೆ ಯಾವಾಗ ಏರಿತು, ವಸೂಲಿ ಮಾಡಿದವರ ಕೈಬರಹ ಯಾವಾಗ ಬದಲಾಯಿತು ಎಂಬುದು ಸಾಲಾಗಿ ಕಾಣುತ್ತದೆ. ಬಿಡಿಬಿಡಿಯಾಗಿ ಮಾರಿದರೆ ಆ ಸರಣಿ ಹಾಳು.

ಹೊಸದಾಗಿ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ರಸೀದಿ ಜನರಿಗೆ ಕೊಟ್ಟದ್ದು, ಮನೆಯ ಸ್ವತ್ತು. ಕಡತದ ನಂಬರು, ಕಚೇರಿ ಮೊಹರು, ದಾರ ಪೋಣಿಸಿದ ತೂತು ಇರುವ ಹಾಳೆ ಗುಜರಿಯಲ್ಲಿ ಸಿಕ್ಕಿದರೆ ಅದು ಕಚೇರಿಯಿಂದ ಹೇಗೆ ಹೊರಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ಇನ್ನು, 1972ರ ಪುರಾವಸ್ತು ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಮಹತ್ವದ ದಾಖಲೆಯೂ ಪುರಾವಸ್ತುವೇ. ವಿದೇಶದವರು ಒಳ್ಳೆ ರೇಟು ಹೇಳಿದರೆಂದು ಪೋಸ್ಟ್ ಮಾಡಿಬಿಡಬೇಡಿ.

ನಮ್ಮ ಮಳೆಗಾಲಕ್ಕೆ ಮಾಮೂಲಿ ಪಿವಿಸಿ ಆಲ್ಬಮ್ ಆಗದು. ಆಮ್ಲರಹಿತ ಕಾಗದ, ಪಾಲಿಯೆಸ್ಟರ್ ಲಕೋಟೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟರೆ ಸಾಕು. ಹೊರಗೋಡೆಗೆ ತಾಗಿದ ಕಪಾಟು ಬೇಡ.

ಪ್ರಾಮಿಸರಿ ನೋಟಿನ ಎರಡೂ ಬದಿಯ ಫೋಟೋ ಕಳಿಸಿ. ನಂಬರು ಮಾತ್ರ ಮುಚ್ಚಿರಿ.

— ಸಂ.